ಹೆಂಗಸರನ್ನೂ ಎಣಿಸಿದ ಅನಸೂಯಮ್ಮ

ಶಿಡ್ಲಘಟ್ಟದ ಈ ಬೀದಿಯಲ್ಲಿ ಬೆಳಕು ಹರಿಯುವ ಮೊದಲೇ ಒಲೆಗಳು ಹೊತ್ತಿಕೊಂಡಿವೆ. ಬೇಯುವ ರೇಷ್ಮೆಗೂಡಿನ ವಾಸನೆಗೆ, ವರದಿಗೆಂದು ಬಂದ ನಾನು ಮೂಗು ಮುಚ್ಚಿಕೊಳ್ಳುತ್ತೇನೆ. ಅನಸೂಯಮ್ಮನವರಿಗೆ ಅದರ ಪರಿವೆಯೇ ಇಲ್ಲ. ಪ್ರಾಥಮಿಕ ಶಾಲೆಯ ಈ ಮೇಡಂ ಶಾಲೆ ಬಿಟ್ಟ ಹುಡುಗಿಯರನ್ನು ಹುಡುಕಿಕೊಂಡು ವಾರಕ್ಕೆರಡು ಸಲ ಹೀಗೆ ಬರುತ್ತಾರೆ. ಹೊತ್ತು ಏರಿದರೆ ಆ ಮಕ್ಕಳು ಕುದಿನೀರಿನ ತೊಟ್ಟಿಯ ಮುಂದೆ ಕೂತುಬಿಟ್ಟಿರುತ್ತಾರೆ.

ಹಸಿರು ಬಾಗಿಲೊಂದನ್ನು ತಟ್ಟುತ್ತಾರೆ. ಮನೆಯೊಡತಿ ನೂರುನ್ನೀಸಾ ಗೇಣಗಲ ತೆಗೆಯುತ್ತಾರೆ.

“ಷಮೀಮ್ ಎದ್ದಳೇನಮ್ಮ?”

“ಆ ಹೆಸರಿನೋರು ಇಲ್ಲಿ ಯಾರೂ ಇಲ್ಲ ಟೀಚರಮ್ಮ.”

ಷಮೀಮ್ ನೂರುನ್ನೀಸಾರ ಮೊಮ್ಮಗಳು, ಎಂಟು ವರ್ಷದವಳು. ಹೋದ ವರ್ಷದವರೆಗೂ ಅನಸೂಯಮ್ಮನವರ ತರಗತಿಯಲ್ಲೇ ಇದ್ದಳು. ಒಳಗಿಂದ ನೂಲು ಬಿಚ್ಚುವ ಚಕ್ರದ ಸದ್ದು ಕೇಳುತ್ತಿದೆ. ಬಾಗಿಲು ಮುಚ್ಚುತ್ತದೆ.

ಈ ಬಾಗಿಲು ಒಂದು ಕಾಲಕ್ಕೆ ಪೂರ್ತಿ ತೆರೆದಿತ್ತು. ೧೯೯೧ರ ಜನಗಣತಿಗೆ ಈ ಬೀದಿ ಬಿದ್ದದ್ದು ಅನಸೂಯಮ್ಮನವರ ಪಾಲಿಗೆ. ಅದಕ್ಕೂ ಹತ್ತು ವರ್ಷದ ಹಿಂದೆ ಇಲ್ಲಿ ಎಣಿಸಿದ್ದವರು ಮುನಿನಾರಾಯಣಪ್ಪ ಮೇಷ್ಟ್ರು. ನಿವೃತ್ತರಾಗಿ ಮೇಲೂರಿನಲ್ಲಿರುವ ಅವರು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ: “ನಾನು ಜಗಲಿ ಮೇಲೆ ಕೂತ್ಕೊಳ್ತಿದ್ದೆ. ನೂರುನ್ನೀಸಾ ಗಂಡ ಕರೀಂ ಸಾಬ್ರು ಆಚೆ ಬಂದು ಗಂಡಸ್ರ ಹೆಸರು ಹೇಳೋರು, ಹೆಂಗಸ್ರು ಅಂದ್ರೆ ಮನೇಲಿ ನಮ್ಮಮ್ಮ ಒಬ್ರು ಅಂತ ಸೇರಿಸೋರು. ಹೆಣ್ಣುಮಕ್ಕಳ ಹೆಸರು ಕೇಳೋಕೆ ನಂಗೂ ಸಂಕೋಚ, ಹೇಳೋಕೆ ಅವ್ರಿಗೂ ಸಂಕೋಚ. ಬೀದಿ ಪೂರ್ತಿ ಹಂಗೇ ಆಯ್ತು.”

ಅನಸೂಯಮ್ಮ ಜಗಲಿಯಲ್ಲಿ ಕೂರಲಿಲ್ಲ. ನೇರ ಅಡುಗೆಮನೆಗೆ ಹೋದರು. ಸೊಸೆಯರು, ಹೆಣ್ಣುಮಕ್ಕಳು, ವಿಧವೆ ನಾದಿನಿ, ನೂರುನ್ನೀಸಾರ ತೊಡೆಯ ಮೇಲಿದ್ದ ಮೂರು ವರ್ಷದ ಷಮೀಮ್ ಎಲ್ಲರೂ ಲೆಕ್ಕಕ್ಕೆ ಬಂದರು. “ನಮ್ಮ ಹೆಸರನ್ನೂ ಸರ್ಕಾರ ಬರ್ಕೊಳ್ತದಾ ಅಂತ ನಕ್ರು ಪಾಪ. ಚಾ ಕೊಟ್ರು. ನಂಗೂ ಒಂದು ಒಳ್ಳೇ ಕೆಲಸ ಮಾಡಿದೀನಿ ಅನ್ನಿಸ್ತು,” ಎನ್ನುತ್ತಾರೆ.

ಹೋದ ವರ್ಷ, ಅಂದರೆ ೧೯೯೫ರಲ್ಲಿ, ಆ ಗಣತಿಯ ಧರ್ಮವಾರು ಅಂಕಿಅಂಶ ಹೊರಬಿದ್ದ ಕೆಲವೇ ದಿನಗಳಲ್ಲಿ ಊರಿನ ಗೋಡೆಗಳ ಮೇಲೆ ಹೆಸರಿಲ್ಲದ ಒಂದು ಕರಪತ್ರ ಕಾಣಿಸಿತು. ಹತ್ತು ವರ್ಷದಲ್ಲಿ ಮುಸ್ಲಿಮರು ಇಷ್ಟು ಬೆಳೆದಿದ್ದಾರೆ, ಇವರೆಲ್ಲ ಎಲ್ಲಿಂದ ಬಂದರು ಎಂದು ಅದರ ಪ್ರಶ್ನೆ. ಬರೆದವನಿಗೆ ಕೂಡಿಸುವುದು ಕಳೆಯುವುದು ಬರುತ್ತಿತ್ತು, ಅಷ್ಟೇ. ಒಂದು ಸಂಜೆ ಯಾರೋ ಬಂದು, ಹೊರಗಿನವರನ್ನು ಆಚೆ ಕಳಿಸಿ ಎಂದು ಈ ಬೀದಿಯಲ್ಲಿ ಕೂಗಾಡಿದರು. ಕಲ್ಲು ಬಿತ್ತು. ಕರೀಂ ಸಾಬರ ಬಲಗಣ್ಣು ಹೋಯಿತು. ಮಾರನೆಯ ದಿನದಿಂದ ಬೀದಿಯ ಹುಡುಗಿಯರು ಶಾಲೆಗೆ ಬರಲಿಲ್ಲ.

ಅನಸೂಯಮ್ಮನವರ ವಾದ ಸರಳ. “ಊರಿಗೆ ಕೂಲಿಗೆ ಬಂದೋರೂ ಇದಾರೆ, ಹುಟ್ಟಿದೋರೂ ಇದಾರೆ, ಇಲ್ಲ ಅನ್ನಲ್ಲ. ಆದ್ರೆ ನನ್ನ ಬೀದೀಲಿ ಗಂಡಸರ ಸಂಖ್ಯೆ ಹೆಚ್ಚುಕಮ್ಮಿ ಹಂಗೇ ಇದೆ. ಏರಿರೋದು ಹೆಂಗಸರದ್ದು. ಬೇರೆ ಕಡೆಯಿಂದ ಬಂದಿದ್ರೆ ಬರೀ ಹೆಂಗಸ್ರೇ ಬರ್ತಾರಾ? ಇವ್ರು ಇಲ್ಲೇ ಇದ್ರು. ಯಾರೂ ಕೇಳಿರ್ಲಿಲ್ಲ.”

ಇದನ್ನು ಚಿಂತಾಮಣಿ, ಗೌರಿಬಿದನೂರಿನ ಶಿಕ್ಷಕರ ಸಭೆಗಳಲ್ಲೂ ಹೇಳಿ ನೋಡಿದ್ದಾರೆ. ಸಭೆಯಲ್ಲಿದ್ದವರು ತಲೆಯಾಡಿಸಿ ಬಸ್ಸು ಹಿಡಿದರು. “ಸುಮ್ನೆ ಯಾಕೆ ಮೈಮೇಲೆ ಎಳ್ಕೊಳ್ತೀರಾ ಮೇಡಂ” ಎಂದರಂತೆ ಮುಖ್ಯೋಪಾಧ್ಯಾಯ ಚನ್ನಕೇಶವ. ನನಗೆ ಸಿಟ್ಟು ಬರುತ್ತದೆ. ಅವರಿಗೆ ಬರುವುದಿಲ್ಲ. ಸಿಟ್ಟು ಮಾಡಿಕೊಂಡರೆ ಇನ್ನೊಂದು ಮನೆಯ ಬಾಗಿಲು ತಟ್ಟಲು ಆಗುವುದಿಲ್ಲ ಎನ್ನುತ್ತಾರೆ. ಬೀದಿ ಮುಗಿಯುವಷ್ಟರಲ್ಲಿ ಒಬ್ಬ ಹುಡುಗಿಯೂ ಸಿಕ್ಕಿಲ್ಲ.

ಏನು ಆಸೆ ಎಂದು ಕೇಳುತ್ತೇನೆ. “ಷಮೀಮ್ ಒಬ್ಬಳು ವಾಪಸ್ ಬಂದ್ರೂ ಸಾಕು. ಅವಳು ಬಂದ್ರೆ ಉಳಿದೋರೂ ಬರ್ತಾರೆ. ಕೈ ಬೆಂದುಹೋಗ್ತಿದೆ ಆ ಮಗೂದು.”

ಹಿಂತಿರುಗುವಾಗ ಹಸಿರು ಬಾಗಿಲನ್ನು ಮತ್ತೆ ತಟ್ಟುತ್ತಾರೆ. ಈ ಸಲ ನೂರುನ್ನೀಸಾ ಹೊಸ್ತಿಲಿಗೆ ಬಂದು ನಿಲ್ಲುತ್ತಾರೆ.

“ಮುಂದಿನ ಗಣತಿಗೂ ನೀವೇ ಬರ್ತೀರಾ ಟೀಚರಮ್ಮ?”

“ನನ್ನೇ ಹಾಕಿದ್ರೆ ಬರ್ತೀನಿ.”

“ನಮ್ಮನೇದು ಕಮ್ಮಿ ಬರ್ಕೊಳ್ಳಿ.”

“ಯಾರನ್ನ ಬಿಡ್ಲಿ ಹೇಳಮ್ಮ? ನಿನ್ನನ್ನ ಬಿಡ್ಲಾ, ಷಮೀಮ್‌ನ ಬಿಡ್ಲಾ?”

ನೂರುನ್ನೀಸಾ ಒಳಗೆ ತಿರುಗಿ ನೋಡುತ್ತಾರೆ.

“ಇಬ್ರನ್ನೂ ಬಿಟ್ಬಿಡಿ,” ಎನ್ನುತ್ತಾರೆ.