ಹಲ್ಲಿತಲೆ ಹೊಲಿದ ಉಸ್ಮಾನ್ ಕಾಕ

ಬೆಳಿಗ್ಗೆ ಸೆಟ್ಟಿಗೆ ಬಂದ ಕೂಡಲೇ ಉಸ್ಮಾನ್ ಕಾಕ ಮಾಡುತ್ತಿದ್ದ ಮೊದಲ ಕೆಲಸವೆಂದರೆ ನನ್ನ ರಬ್ಬರ್ ತಲೆಯನ್ನು ಎತ್ತಿ ಅದರೊಳಗೆ ಮೂಗಿಟ್ಟು ಮೂಸುವುದು. ಹಿಂದಿನ ದಿನವೆಲ್ಲ ನಾನು ಬೆವರು ಸುರಿಸಿದ್ದ ತಲೆ ಅದು. ನೋಡಿದವರು ಮುಖ ಸಿಂಡರಿಸುತ್ತಿದ್ದರು. ಕಾಕ ಮಾತ್ರ ಮಾರ್ಕೆಟ್ಟಿನಲ್ಲಿ ಹಲಸಿನ ಹಣ್ಣು ಆರಿಸುವವರ ಹಾಗೆ ಸಾವಕಾಶವಾಗಿ ಮೂಸಿ ತೀರ್ಪು ಕೊಡುತ್ತಿದ್ದರು. "ಬೆಳ್ಳುಳ್ಳಿ ಕಡಿಮೆ ಮಾಡು ಮಾರಾಯ. ರಬ್ಬರ್ ಹಿಡಿದುಕೊಳ್ತದೆ."

ಹದಿನೈದು ವರ್ಷದ ಹಿಂದೆ ಗಲ್ಫಿನಲ್ಲಿ, ಅಲ್ ಕೂಜ್‌ನ ಗೋದಾಮೊಂದರಲ್ಲಿ ಚಿತ್ರೀಕರಣವಾದ ಇಂಗ್ಲಿಷ್ ವೈಜ್ಞಾನಿಕ ಕಥೆಯ ಧಾರಾವಾಹಿ ಅದು. ಈಗ ಮತ್ತೆ ಎಲ್ಲರ ಮೊಬೈಲಿಗೆ ಬಂದಿದೆ, ಕ್ಲಾಸಿಕ್ ಅನ್ನಿಸಿಕೊಂಡಿದೆ. ಕನ್ನಡ ಸಂಘದ ನಾಟಕಗಳಲ್ಲಿ ರಾಜನ ಪಾರ್ಟು ಮಾಡಿ ತಲೆ ತಿರುಗಿದ್ದ ನಾನು, ದೇರಾದ ಶಿಪ್ಪಿಂಗ್ ಆಫೀಸಿನ ಕೆಲಸ ಬಿಟ್ಟು ಅದರಲ್ಲಿ ಹಲ್ಲಿಮುಖದ ಗ್ರಹಾಧಿಪತಿಯಾದೆ. ಮೂರು ವರ್ಷ ನಟಿಸಿದರೂ ನನ್ನ ಮುಖವನ್ನು ಯಾರೂ ನೋಡಲಿಲ್ಲ. ಅಭಿಮಾನಿಗಳು ಈಗ ಆ ದಿನಗಳು ಹೇಗಿದ್ದವು ಎಂದು ಕಣ್ಣರಳಿಸಿ ಕೇಳುತ್ತಾರೆ. ನಾನು ಏನೋ ಒಂದು ಚೆಂದದ ಸುಳ್ಳು ಹೇಳುತ್ತೇನೆ. ನಿಜವಾಗಿ ನೆನಪಾಗುವುದು ಬೆವರು, ಅಂಟು ಮತ್ತು ಹಳಸಿದ ರಬ್ಬರ್.

ಕಾಕ ಉಳ್ಳಾಲದ ಬ್ಯಾರಿ. ಅಬುಧಾಬಿಯ ಮುಸಫ್ಫಾದಲ್ಲಿ ಕಾರಿನ ಸೀಟು ಹೊಲಿಯುತ್ತಿದ್ದವರನ್ನು ಕಂಪನಿ ಹುಡುಕಿ ತಂದಿತ್ತು. ನನ್ನ ತಲೆಯೂ ಸೀಟಿನ ಸಾಮಾನಿನದೇ: ಒಳಗೆ ಫೋಮ್, ಮೇಲೆ ರಬ್ಬರ್, ಕತ್ತಿನ ಅಂಚಿಗೆ ರೆಕ್ಸಿನ್. ಮೊದಲ ದಿನ ಟೇಪು ಹಿಡಿದು ನನ್ನ ತಲೆಯನ್ನು ಎರಡು ಸುತ್ತು ಅಳೆದು, ಎಡಗಡೆ ಸ್ವಲ್ಪ ತಗ್ಗು ಉಂಟು, ಚಿಂತೆ ಬೇಡ, ಫೋಮ್ ತುಂಬಿಸುವ ಎಂದು ಸಮಾಧಾನ ಹೇಳಿದ್ದರು. ಹಾಸನದವನಾದ ನನಗೆ ತುಳುವೂ ಬಾರದು, ಬ್ಯಾರಿ ಭಾಷೆಯೂ ಬಾರದು ಎಂದು ಅವರಿಗೆ ನನ್ನ ಮೇಲೆ ಕನಿಕರವಿತ್ತು.

ಒಂದು ತಲೆಗೆ ಒಬ್ಬನೇ ಎಂಬುದು ಅವರ ಕಟ್ಟುನಿಟ್ಟು. ಶೂಟಿಂಗ್ ಮುಗಿದ ಮೇಲೆ ವಿನೆಗರ್ ನೀರಿನಲ್ಲಿ ಒಳಗೆಲ್ಲ ಒರೆಸಿ, ಹಳೆಯ ಬನಿಯನ್ ಬಟ್ಟೆಯಲ್ಲಿ ತೇವ ಹೀರಿಸಿ, ಫ್ಯಾನಿನ ಕೆಳಗೆ ತೂಗುಹಾಕಿಯೇ ಮನೆಗೆ ಹೋಗುತ್ತಿದ್ದರು. ಇಷ್ಟೆಲ್ಲ ಯಾಕೆ ಎಂದು ನಾನೊಮ್ಮೆ ರೇಗಿಸಿದ್ದೆ. "ಸೀಟಲ್ಲಿ ಜನ ಕೂತು ಎದ್ದು ಹೋಗ್ತಾರೆ. ಇದು ಹಾಗಲ್ಲ, ಮನುಷ್ಯ ಉಸಿರಾಡುವ ಜಾಗ," ಎಂದರು.

ಎರಡನೆಯ ವರ್ಷದ ಆಗಸ್ಟ್‌ನಲ್ಲಿ ಕಾಕ ಮಗಳ ಮದುವೆಗೆಂದು ರಜೆಯ ಮೇಲೆ ಊರಿಗೆ ಹೋದರು. ದೂರದ ಶಾಟ್‌ಗಳಿಗೆ ನಾನು ಬಿಸಿಲಲ್ಲಿ ಬೇಯಬೇಕಾಗಿಲ್ಲ ಎಂದು ಕಂಪನಿಯವರು ಲೇಬರ್ ಕ್ಯಾಂಪಿನಿಂದ ಮೂವರನ್ನು ಕರೆತಂದು, ಸರದಿಯಂತೆ ನನ್ನ ತಲೆಯನ್ನೇ ಹಾಕಿಸಿ ಮರಳಿನಲ್ಲಿ ಓಡಿಸಿದರು. ಸಂಜೆ ಒದ್ದೆ ತಲೆಯನ್ನು ಹಾಗೆಯೇ ಪ್ಲಾಸ್ಟಿಕ್ ಡಬ್ಬದಲ್ಲಿ ಮುಚ್ಚಿ ವ್ಯಾನಿನಲ್ಲಿ ಬಿಟ್ಟರು. ಹದಿನೈದು ದಿನ ಇದೇ ನಡೆಯಿತು. ನನಗೆ ಎಲ್ಲ ಗೊತ್ತಿತ್ತು. ನಾನು ಎಸಿ ಕೋಣೆಯಲ್ಲಿ ಕೂತು ಸಂಭಾಷಣೆ ಬಾಯಿಪಾಠ ಮಾಡುತ್ತಿದ್ದೆ.

ಕಾಕ ತಿರುಗಿ ಬಂದ ದಿನ ಅಬುಧಾಬಿಯ ಮರಳುಗಾಡಿನಲ್ಲಿ ನನ್ನ ದೊಡ್ಡ ದೃಶ್ಯವಿತ್ತು. ಗ್ರಹಾಧಿಪತಿ ಸತ್ತ ತನ್ನ ಜನರನ್ನು ನೆನೆದು ಎರಡು ಪುಟ ಮಾತಾಡಬೇಕು. ಅಷ್ಟು ಮಾತು ನನಗೆ ಅದುವರೆಗೆ ಸಿಕ್ಕಿರಲಿಲ್ಲ. ಡಬ್ಬ ತೆರೆದ ಕಾಕ ಮೂಸಲಿಲ್ಲ, ಮೂಸುವ ಅಗತ್ಯವೇ ಇರಲಿಲ್ಲ. ಒಳಗೆ ಕಪ್ಪು ಬೂಷ್ಟು ಹಿಡಿದಿತ್ತು. ಯಾರದೋ ಕೂದಲು ಅಂಟಿತ್ತು, ಹಣೆಯ ಜಾಗದಲ್ಲಿ ಕೀವು ಒಣಗಿತ್ತು. ಮೂವರಲ್ಲಿ ಒಬ್ಬನ ಹಣೆ ತುಂಬ ಹುಣ್ಣಾಗಿ, ಅವನು ವ್ಯಾನಿನ ನೆರಳಿನಲ್ಲಿ ಕಣ್ಣು ಮುಚ್ಚಿ ಕೂತಿದ್ದ. ಕಾಕ ತಲೆಯನ್ನು ನಿರ್ದೇಶಕನ ಮುಂದೆ ಹಿಡಿದು, ಇದನ್ನು ಸುಡಬೇಕು, ಹೊಸದಕ್ಕೆ ಮೂರು ದಿನ ಬೇಕು, ಮೊದಲು ಆ ಮನುಷ್ಯನನ್ನು ಆಸ್ಪತ್ರೆಗೆ ಕಳಿಸಿ ಎಂದರು.

ನಿರ್ದೇಶಕ ನನ್ನ ಕಡೆ ತಿರುಗಿ, ಹಾಕಿಕೊಳ್ಳುವವನು ನೀನು, ನೀನೇ ಹೇಳು ಎಂದ. ಮೂರು ದಿನ ಕಳೆದರೆ ಶೂಟಿಂಗಿಗೆ ಪಡೆದ ಆ ಜಾಗವೂ ಇರುವುದಿಲ್ಲ, ನನ್ನ ಎರಡು ಪುಟದ ಮಾತೂ ಇರುವುದಿಲ್ಲ ಎಂದು ನನಗೆ ಗೊತ್ತಿತ್ತು. ನಾನು ತಲೆಯನ್ನು ಕೈಗೆ ತೆಗೆದುಕೊಂಡು, ಮೂಗಿನ ಹತ್ತಿರ ತಂದು, ಉಸಿರು ಬಿಗಿಹಿಡಿದು ನಕ್ಕೆ.

"ವಾಸನೆ ಏನಿಲ್ಲ ಕಾಕಾ. ನೀವು ಸುಮ್ಮನೆ ದೊಡ್ಡದು ಮಾಡ್ತಿದ್ದೀರಿ."

ನಿರ್ದೇಶಕ ಖಲಾಸ್, ಮಾತು ಮುಗಿಯಿತು ಎಂದ. ಶೂಟಿಂಗ್ ತಡೆಯಹೋದದ್ದಕ್ಕೆ ಅಲ್ಲಿಗೆ ಕಾಕನ ಕೆಲಸವೂ ಖಲಾಸ್. ಅವರು ಹೊಲಿಗೆಯ ಸಾಮಾನು ಕಟ್ಟಿಕೊಂಡು ಊಟದ ಗಾಡಿ ಹತ್ತಿ ಹೋದರು. ನಾನು ಆ ತಲೆಯನ್ನೇ ಹಾಕಿಕೊಂಡು ಮಾತಾಡುವಾಗ ಗಂಟಲಿಗೆ ಎರಡು ಸಲ ವಾಂತಿ ಬಂತು, ಎರಡು ಸಲವೂ ನುಂಗಿದೆ. ಸತ್ತವರನ್ನು ನೆನೆಯುವಾಗ ದನಿ ಎಷ್ಟು ಚೆನ್ನಾಗಿ ನಡುಗಿದೆ ಎಂದು ಜನ ಇಂದಿಗೂ ಹೊಗಳುತ್ತಾರೆ. ಹಾಗೆ ಹೊಗಳಿದಾಗೆಲ್ಲ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಹೋದ ವರ್ಷ ವಿಳಾಸ ಹಿಡಿದು ಮುಸಫ್ಫಾಕ್ಕೆ ಹೋದೆ. ಕಾಕ ಪಿಕಪ್ ಗಾಡಿಯೊಂದರ ಸೀಟು ಬಿಚ್ಚುತ್ತಿದ್ದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ವೀಸಾ ಮುಗಿಯುತ್ತಿದೆ, ಮುಂದಿನ ವಾರ ಊರಿಗೆ, ಇನ್ನು ಬರುವುದಿಲ್ಲ ಎಂದರು. ಸುಲೈಮಾನಿ ಚಹಾ ತರಿಸಿ ಕೊಟ್ಟರು. ನನ್ನಿಂದ ನಿಮ್ಮ ಕೆಲಸ ಹೋಯಿತು, ತಪ್ಪಾಯಿತು ಎಂದು ನಾನು ಹೇಗೋ ಹೇಳಿ ಮುಗಿಸಿದೆ. ಮತ್ತೆ ಇಲ್ಲಿ ಕೆಲಸ ಸಿಕ್ಕಿತಲ್ಲ, ಅದು ಬಿಡು ಎಂದು ಕೈ ಆಡಿಸಿಬಿಟ್ಟು, ಆ ಹಣೆಯ ಹುಣ್ಣಿನವ ಏನಾದ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಅವನ ಹೆಸರೇನು ಎಂದರು. ಅದೂ ಗೊತ್ತಿರಲಿಲ್ಲ.

ಕಾಕ ಬಿಚ್ಚಿದ ಸೀಟಿನ ಫೋಮ್ ಪಕ್ಕಕ್ಕಿಟ್ಟರು. ದನಿಯಲ್ಲಿ ಸಿಟ್ಟಿರಲಿಲ್ಲ.

"ನೀನು ಒಳ್ಳೇ ಆಕ್ಟರ್ ಮಾರಾಯ. ಆವತ್ತು ನೀನು ಹೇಳಿದ ಮೇಲೆ ನನಗೆ ನನ್ನ ಮೂಗಿನ ಮೇಲೆಯೇ ಡೌಟು ಬಂತು. ಗಾಡಿಯಲ್ಲಿ ಮುಸಫ್ಫಾ ಮುಟ್ಟುವವರೆಗೆ ಆ ತಲೆ ಹಿಡಿದಿದ್ದ ನನ್ನ ಕೈ ನಾನೇ ಮೂಸಿಕೊಂಡು ಕೂತಿದ್ದೆ."