ಹತ್ತಕ್ಕೆ ನಾಲ್ಕು

ನಮ್ಮಪ್ಪ ಇಂಡಿಯಲ್ಲಿ ನಿಂಬೆಹಣ್ಣಿನ ವ್ಯಾಪಾರಿ. ಟೆಂಪೋದಲ್ಲಿ ಹಣ್ಣಿನ ಚೀಲಗಳ ಪಕ್ಕ ಕೂತೇ ಅರ್ಧ ಆಯುಷ್ಯ ಕಳೆದವನು, ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ದಿನ ಹುಬ್ಬಳ್ಳಿಗೆ ಹೋಗಿ ಉದ್ದನೆಯ ಕರಿ ಕಾರೊಂದನ್ನು ತಂದು ಅಂಗಳದಲ್ಲಿ ನಿಲ್ಲಿಸಿದ. ಭಾರಿ ಕಂಪನಿಯದು. ಬೀದಿಯ ಅರ್ಧ ಜನ ಅದರ ಬಾಗಿಲಲ್ಲಿ ತಮ್ಮ ಮುಖ ನೋಡಿಕೊಂಡು ಹೋದರು.

ಅಪ್ಪನಿಗೆ ಕಾರಿಗಿಂತ ಹೆಚ್ಚು ಹಿಡಿಸಿದ್ದು ಅದರ ಜೊತೆ ಬಂದ ಸವಲತ್ತು. ಸರ್ವಿಸಿಗೆ ನಾವು ಹೋಗಬೇಕಿಲ್ಲ, ಕಂಪನಿಯವರೇ ಮನೆಗೆ ಬಂದು ಒಯ್ಯುತ್ತಾರೆ. ಅದು ವಾಪಸ್ ಬರುವ ತನಕ ಓಡಾಡಲು ಇನ್ನೊಂದು ಕಾರು ಬಿಟ್ಟು ಹೋಗುತ್ತಾರೆ. ದಾರಿಯಲ್ಲಿ ಎಲ್ಲಿ ಕೆಟ್ಟು ನಿಂತರೂ ಒಂದು ಫೋನು ಸಾಕು. ಅಂಗಡಿಗೆ ಬಂದವರಿಗೆಲ್ಲ ಅಪ್ಪ ಇದನ್ನೇ ಹೇಳುತ್ತಿದ್ದ.

ಕೆಟ್ಟು ನಿಲ್ಲಲು ಕಾರು ಮೊದಲು ಓಡಬೇಕಲ್ಲ. ಸೀಟಿನ ಪ್ಲಾಸ್ಟಿಕ್ ತೆಗೆಯಲು ಅಪ್ಪ ಬಿಡಲಿಲ್ಲ. ಎಣ್ಣೆ ಹಚ್ಚಿದ ತಲೆಯನ್ನು ಒರಗಿಸುವಂತಿಲ್ಲ, ಒಳಗೆ ಚುರುಮುರಿ ತಿನ್ನುವಂತಿಲ್ಲ, ಚಪ್ಪಲಿ ಕೈಯಲ್ಲಿ ಹಿಡಿದು ಹತ್ತಬೇಕು. ಹೀಗಾಗಿ ಅವ್ವ, ನಾನು ಕಾಯುತ್ತಿದ್ದದ್ದು ಸರ್ವಿಸಿನ ದಿನಕ್ಕೆ. ಕರಿ ಕಾರು ಗೇಟು ದಾಟಿದ್ದೇ ತಡ, ಬದಲಿಗೆ ಬಂದ ಬಿಳಿ ಕಾರಿಗೆ ಮುಗಿಬೀಳುತ್ತಿದ್ದೆವು. ಸಿಂದಗಿಯ ಮಾವಶಿಯ ಮನೆ, ಮುದ್ದೇಬಿಹಾಳದ ಮದುವೆ, ಬಸವನ ಬಾಗೇವಾಡಿಯ ಗುಡಿ, ಎಲ್ಲ ಎರಡೇ ದಿನದಲ್ಲಿ ಮುಗಿಯಬೇಕು. ನಮ್ಮ ಟೆಂಪೋ ಡ್ರೈವರನೇ ಅದನ್ನೂ ಓಡಿಸುತ್ತಿದ್ದ, ಅವನೂ ಚುರುಮುರಿ ತಿನ್ನುತ್ತಿದ್ದ.

ಕಾರು ಒಯ್ಯಲು ಬರುತ್ತಿದ್ದವನು ಗೊಳಸಂಗಿಯವನು, ಮೂವತ್ತರ ಆಸುಪಾಸು, ಹುಬ್ಬಳ್ಳಿಯ ಶೋರೂಮಿನಲ್ಲಿ ನೌಕರಿ. ಮೊದಲ ಸಲ ಬಂದಾಗಲೇ, ಯಾರೂ ಹೇಳದೆ, ಬೂಟು ಕಳಚಿಟ್ಟು ಕರಿ ಕಾರು ಹತ್ತಿದ. ಅದನ್ನು ವಾಪಸ್ ತಂದ ದಿನ ಬಿಳಿ ಕಾರಿನ ಸೀಟಿನ ಸಂದಿಯಲ್ಲಿ ಸಿಕ್ಕ ಚುರುಮುರಿ, ಶೇಂಗಾ ಸಿಪ್ಪೆಯನ್ನು ಅಪ್ಪನ ಕಣ್ಣಿಗೆ ಬೀಳದ ಹಾಗೆ ಬಾಚಿ ಕಿಸೆಗೆ ಹಾಕಿಕೊಂಡ. ಅಪ್ಪ ಅವನಿಗೆ ಊಟ ಹಾಕದೆ ಕಳಿಸಿದ್ದೇ ಇಲ್ಲ.

ಇನ್ನು ಅಪ್ಪನ ಸ್ವಭಾವ ಹೇಳಬೇಕು. ಪೇಟೆಯಲ್ಲಿ ಹಣ್ಣು ಚಲೋ ಎಂದು ಬಾಯಿ ಬಿಟ್ಟರೆ ಮಾರುವವನು ರೇಟು ಏರಿಸುತ್ತಾನೆ. ಅದಕ್ಕೇ ಅಪ್ಪ ಹಣ್ಣು ಕೊಯ್ದು, ನಾಲಿಗೆಗೆ ಮುಟ್ಟಿಸಿ, ಕಣ್ಣು ಮುಚ್ಚಿ ಮುಖ ಕಿವಿಚುತ್ತಿದ್ದ. ಮುಖ ಎಷ್ಟು ಕೆಟ್ಟರೆ ಹಣ್ಣು ಅಷ್ಟು ಮೇಲು. ರೈತರಿಗೂ ಇದು ಗೊತ್ತಿತ್ತು. ಅಪ್ಪ ನಕ್ಕು ಚಲೋ ಎಂದರೆ ಅವರು ಸುಮ್ಮನೆ ಚೀಲ ಕಟ್ಟಿಕೊಂಡು ಮುಂದಿನ ಅಂಗಡಿಗೆ ಹೋಗುತ್ತಿದ್ದರು. ಮೂವತ್ತು ವರ್ಷ ಹೀಗೆ ನಡೆದು ಅದು ಪೇಟೆಯಿಂದ ಮನೆಗೂ ಬಂದಿತ್ತು. ಪಿಯುಸಿಯಲ್ಲಿ ನನಗೆ ಫಸ್ಟ್ ಕ್ಲಾಸ್ ಬಂದಾಗ ಅಪ್ಪ ಹೇಳಿದ್ದು "ನಡೀತೈತಿ" ಅಂತ. ನಾನು ಎರಡು ದಿನ ಅವನ ಜೊತೆ ಮಾತು ಬಿಟ್ಟಿದ್ದೆ.

ಪ್ರತಿ ಸರ್ವಿಸ್ ಆದ ವಾರಕ್ಕೆ ಬೆಂಗಳೂರಿನಿಂದ ಕಂಪನಿಯ ಹುಡುಗಿಯೊಬ್ಬಳು ಫೋನು ಮಾಡಿ, ಕಾರು ಒಯ್ದವನ ಕೆಲಸಕ್ಕೆ ಹತ್ತಕ್ಕೆ ಎಷ್ಟು ಅಂಕ ಕೊಡುತ್ತೀರಿ ಎಂದು ಕೇಳುತ್ತಿದ್ದಳು. ಅಪ್ಪ ಮೊದಲ ಎರಡು ಸಲವೂ ನಾಲ್ಕು ಎಂದ. ಹೇಳುವಾಗ ಬಹಳ ಧಾರಾಳಿಯ ಹಾಗೆ ಕಾಣುತ್ತಿದ್ದ.

ಮೂರನೆಯ ಸಲ ಗೊಳಸಂಗಿಯವನು ಬಂದವನೇ ಊಟ ಬೇಡ ಎಂದ. ಕಟ್ಟೆಯ ಮೇಲೆ ಕೂತು ಬೂಟಿನ ದಾರ ಬಿಚ್ಚುತ್ತಾ, ತಲೆ ಎತ್ತದೆ ಕೇಳಿದ:

"ಸಾಹುಕಾರ್ರ, ನನ್ನಿಂದ ಏನರ ತಪ್ಪ ಆಗೈತೇನ್ರಿ? ಈ ಸಲನೂ ನಾಲ್ಕ ಬಂದ್ರ ನನ್ನ ಕೆಲಸದಿಂದ ತಗೀತಾರ್ರಿ."

ಅಪ್ಪನಿಗೆ ದಿಗಿಲಾಯಿತು. "ನಾಲ್ಕ ಅಂದ್ರ ಕಡಿಮಿ ಆತೇನು? ನಿನ್ನ ಬಿಟ್ರ ನಾ ಇನ್ನೂ ಯಾರಿಗೂ ಮೂರು ದಾಟಿಸಿಲ್ಲಪಾ" ಎಂದ.

ಒಂಬತ್ತಕ್ಕಿಂತ ಕೆಳಗಿನದೆಲ್ಲ ಕಂಪನಿಯ ಲೆಕ್ಕದಲ್ಲಿ ನಪಾಸು ಎಂದು ಅವನು ವಿವರಿಸಿದ. ಅವನು ಹೋದ ಮೇಲೆ ಅಪ್ಪ ಆ ವಾರವೆಲ್ಲ ಒದ್ದಾಡಿದ. ಹತ್ತು ಎಂದುಬಿಟ್ಟರೆ ಸವಲತ್ತು ಕಡಿಮೆ ಮಾಡುತ್ತಾರೆ, ರೇಟು ಏರಿಸುತ್ತಾರೆ, ಅದಕ್ಕಿಂತ ಹೆಚ್ಚಾಗಿ ಅಂಥ ಮಾತು ತನ್ನ ಬಾಯಿಂದ ಹೊರಡುವುದೇ ಇಲ್ಲ ಎಂದ. ಹಾಗಾದರೆ ಅಪ್ಪನ ದನಿ ತೆಗೆದು ನಾನೇ ಹತ್ತು ಎನ್ನುತ್ತೇನೆ ಎಂದೆ. ಅವ್ವ ಬೇಡ ಅನ್ನಲಿಲ್ಲ, ಅವನ ಕೆಮ್ಮನ್ನೂ ಚೆನ್ನಾಗಿ ಕಲಿತುಕೋ ಎಂದಳು. ನಾನು ಕೆಮ್ಮು ಕಲಿಯುತ್ತಿದ್ದಾಗಲೇ ಫೋನು ಬಂತು. ಅಪ್ಪ ನನಗಿಂತ ಮೊದಲು ಕೈ ಹಾಕಿದ.

ಆ ಹುಡುಗಿ ಎರಡು ಸಲ ಕೇಳಿರಬೇಕು. ಅಪ್ಪ ಹಣೆ ಒರೆಸಿಕೊಂಡ, ನಮ್ಮಿಬ್ಬರಿಗೂ ಬೆನ್ನು ಮಾಡಿ ಗೋಡೆಯ ಕಡೆ ತಿರುಗಿದ.

"ಹತ್ತ ಬರ್ಕೋರಿ" ಎಂದ. "ಆದ್ರ ಚಲೋ ಅಂತ ಮಾತ್ರ ಬರೀಬ್ಯಾಡ್ರಿ."

ಫೋನು ಇಟ್ಟ ಮೇಲೆ ಒಂದು ತಂಬಿಗೆ ನೀರು ಕುಡಿದ.

ಮುಂದಿನ ಸರ್ವಿಸಿಗೆ ಯಾರು ಬರುತ್ತಾರೋ ಎಂದು ಅಪ್ಪ ಮುಂಜಾನೆಯಿಂದ ಗೇಟಿನ ಹತ್ತಿರವೇ ಸುಳಿದಾಡುತ್ತಿದ್ದ. ಬಂದವನು ಗೊಳಸಂಗಿಯವನೇ. ಬೂಟು ಕಳಚಿಟ್ಟ, ಎರಡು ರೊಟ್ಟಿ ಹೆಚ್ಚಿಗೇ ಉಂಡ, ಕರಿ ಕಾರು ತೆಗೆದುಕೊಂಡು ಹೋದ. ಅಪ್ಪನ ಮುಖದ ಸಮಾಧಾನ ನೋಡಿ ನನಗೆ ಸಂತೋಷಕ್ಕಿಂತ ಹೊಟ್ಟೆಕಿಚ್ಚೇ ಜಾಸ್ತಿ ಆಯಿತು. ಯಾರೋ ಹೊರಗಿನವನಿಗೆ ಹತ್ತು, ಹೆತ್ತ ಮಗಳಿಗೆ ಬರೀ ನಡೀತೈತಿ. ಕೇಳಿಯೇಬಿಟ್ಟೆ:

"ಅಪ್ಪಾ, ಮತ್ತ ನನಗ ಎಷ್ಟ ಕೊಡ್ತಿ?"

ಅಪ್ಪ ನನ್ನ ಕಡೆ ನೋಡಿದ. ಆಮೇಲೆ ಕಣ್ಣು ಮುಚ್ಚಿದ, ತುಟಿ ಒಂದು ಕಡೆಗೆ ಎಳೆದುಕೊಂಡ. ಅಷ್ಟು ಕೆಟ್ಟ ಮುಖವನ್ನು ಅವನು ಯಾವ ಹಣ್ಣಿಗೂ ಮಾಡಿದ್ದನ್ನು ನಾನು ಕಂಡಿರಲಿಲ್ಲ.

"ನಾಲ್ಕ" ಎಂದ.

ತನಗಿನ್ನೂ ಮೂರು ದಾಟಿಲ್ಲ ಎಂದು ಅವ್ವ ಅಡುಗೆಮನೆಯಿಂದ ಗೊಣಗಿದಳು. ನಾನು ಹೊರಗೆ ಹೋಗಿ, ಬಿಳಿ ಕಾರಿನ ಹಿಂದಿನ ಸೀಟಿನಲ್ಲಿ ಒಬ್ಬಳೇ ಕೂತು, ಸಾಕಾಗುವಷ್ಟು ಅತ್ತೆ.