ಮೀಸೆಯ ಅಧ್ಯಕ್ಷರೂ ನನ್ನ ರವೆ ಉಂಡೆಯೂ

ನನ್ನ ಮೊಮ್ಮಗಳು ಅಮೆರಿಕದ ಅಧ್ಯಕ್ಷಳಾಗುತ್ತಾಳೆಂದು ನಾನು ಹಿಗ್ಗಿ ಹೀರೇಕಾಯಿಯಾಗಿದ್ದೆ. ಶಿಕಾಗೋ ಪಕ್ಕದ ಹಾಫ್‌ಮನ್ ಎಸ್ಟೇಟ್ಸ್ ಊರಿನ ಅವಳ ಶಾಲೆಯಲ್ಲಿ ಮೂರನೇ ಕ್ಲಾಸಿನ ಮಕ್ಕಳು ಹೆಸರಾಂತವರ ವೇಷ ಹಾಕಿ ದಸರಾ ಗೊಂಬೆಗಳ ಹಾಗೆ ಅಲ್ಲಾಡದೆ ನಿಲ್ಲುತ್ತಾರೆ. ಯಾರಾದರೂ ಎದುರಿಗೆ ಬಂದರೆ ಮಾತ್ರ ತಮ್ಮ ಕಥೆ ಹೇಳುತ್ತಾರೆ. ಇವಳ ಪಾಲಿಗೆ ಬಂದವರು ದುಂಡು ಕನ್ನಡಕದ, ದಪ್ಪ ಮೀಸೆಯ ಹಳೆಯ ಅಧ್ಯಕ್ಷರು. ಮೀಸೆಗೆ ನನ್ನ ಚೌರಿಯ ತುದಿಯನ್ನೇ ಕತ್ತರಿಸಿ ಕೊಟ್ಟೆ.

ಅವಳು ದಿನಾ ಒಪ್ಪಿಸುವುದನ್ನು ಕೇಳಿ ಕೇಳಿ, ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೂ ಆ ಮಹಾರಾಯರ ಚರಿತ್ರೆ ಬಾಯಿಪಾಠವಾಯಿತು. ಚಿಕ್ಕಂದಿನಲ್ಲಿ ಉಬ್ಬಸ. ಹೆಂಡತಿ, ತಾಯಿ ಇಬ್ಬರೂ ಒಂದೇ ದಿನ ತೀರಿಕೊಂಡರಂತೆ. ದೊಡ್ಡ ಕಂಪನಿಗಳಿಗೆ ಮೂಗುದಾರ ಹಾಕಿದರು, ಕಾಡುಗಳಿಗೆ ಕೊಡಲಿ ಬೀಳದಂತೆ ಕಾದರು. ಇದೇ ಶಿಕಾಗೋದ ಮಾಂಸದ ಕಾರ್ಖಾನೆಗಳ ಕೊಳಕು ಬಯಲಿಗೆ ಬಂದಾಗ ಕಾನೂನು ತಂದರು.

"ಡಬ್ಬದ ಒಳಗೆ ಏನಿದ್ಯೋ ಅದೇ ಹೊರಗೆ ಬರೀಬೇಕು ಅಜ್ಜಿ. ಲೈ ಮಾಡೋ ಹಾಗಿಲ್ಲ," ಅನ್ನುತ್ತಿದ್ದಳು.

ಆ ದಿನ ಶಾಲೆಯ ಮಕ್ಕಳು ನನ್ನ ಕೈಯ ತಿಂಡಿ ಒಂದಾದರೂ ತಿನ್ನಲಿ ಎಂದು ನನಗೆ ಆಸೆ. ಮಗಳನ್ನು ಕೇಳಿದೆ. ಅವಳು ಆಫೀಸಿನ ಕಾಲ್‌ನಲ್ಲಿದ್ದಳು. "ತಗೊಂಡ್ಹೋಗೋದಾದ್ರೆ ಡಬ್ಬದ ಮೇಲೆ ಲೇಬಲ್ ಇರ್ಬೇಕಮ್ಮ," ಎಂದಷ್ಟೇ ಹೇಳಿದಳು.

ಲೇಬಲ್ಲಿಗೇನು ಬರ. ನಮ್ಮ ಮನೆಯಲ್ಲಿ ಮೊಸರಿನ ಡಬ್ಬದಲ್ಲಿ ಹುಳಿ, ಐಸ್‌ಕ್ರೀಮ್ ಡಬ್ಬದಲ್ಲಿ ಕರಿಬೇವು. ಎಲ್ಲಕ್ಕಿಂತ ದೊಡ್ಡ ಲೇಬಲ್ ಇದ್ದ ಬಿಸ್ಕತ್ತಿನ ಡಬ್ಬ ತೊಳೆದು, ಒರೆಸಿ, ರವೆ ಉಂಡೆ ತುಂಬಿದೆ. ತುಪ್ಪದಲ್ಲಿ ಹುರಿದ ಗೋಡಂಬಿಯನ್ನು ಪುಡಿ ಮಾಡಿ ಧಾರಾಳವಾಗಿ ಹಾಕಿದ್ದೆ. ಹುರಿಯುವಾಗ ಬಾಣಲೆಯಿಂದ ಕದ್ದು ತಿಂದವಳು ಮೊಮ್ಮಗಳೇ.

ಶಾಲೆಯಲ್ಲಿ ತಿಂಡಿಯ ಮೇಜು ಅವಳ ಎದುರಿಗೇ ಇತ್ತು. ಡಬ್ಬ ತೆರೆದಿಟ್ಟೆ. ಅವಳ ಗೆಳತಿಯೊಬ್ಬಳು ಬಂದು ಲೇಬಲ್ಲನ್ನು ಪೂರ್ತಿ ಓದಿ, ನನ್ನ ಕಡೆ ನೋಡಿ ನಕ್ಕು, ಒಂದು ಉಂಡೆ ಎತ್ತಿಕೊಂಡಳು. ನನ್ನ ಜನ್ಮ ಸಾರ್ಥಕವಾಯಿತು ಅನ್ನಿಸಿತು.

ಅಲ್ಲಾಡಬಾರದ ಅಧ್ಯಕ್ಷರು ಓಡಿ ಬಂದರು. "ಡೋಂಟ್ ಈಟ್ ಇಟ್!" ಉಂಡೆಯನ್ನು ಆ ಹುಡುಗಿಯ ಕೈಯಿಂದ ಕಿತ್ತು ಬಿಸಾಡಿದರು. ಮೀಸೆ ಒಂದು ಕಡೆ ಕಿತ್ತು ಜೋಲುತ್ತಿತ್ತು. "ಅಜ್ಜಿ, ಅವ್ಳಿಗೆ ಗೋಡಂಬಿ, ನಟ್ಸ್ ಆಗಲ್ಲ. ತಿಂದ್ರೆ ಉಸಿರಾಡೋಕೆ ಆಗಲ್ಲ ಅವ್ಳಿಗೆ."

ಟೀಚರು ಏನೂ ಬೈಯಲಿಲ್ಲ. ಆ ಹುಡುಗಿಯ ಕೈ ತೊಳೆಸಿದರು, ಕೈಗೆ ಗ್ಲೌಸ್ ಹಾಕಿಕೊಂಡು ನನ್ನ ಡಬ್ಬವನ್ನು ಹಾಗೇ ಕಸದ ಬುಟ್ಟಿಗೆ ಹಾಕಿದರು. ಹೊಲಸು ಎತ್ತುವವರ ಹಾಗೆ.

ಕಾರಿನಲ್ಲಿ ಮಗಳು, "ಹೇಳಿದ್ನಲ್ಲಮ್ಮ," ಎಂದಳು.

"ಲೇಬಲ್ ಇರಲಿ ಅಂದೆ ನೀನು. ಇತ್ತು."

ಹಿಂದಿನ ಸೀಟಿನಿಂದ ಮೊಮ್ಮಗಳು ಇಂಗ್ಲಿಷಿನಲ್ಲಿ ಏನೋ ಅಂದಳು. ಸಾಯುವ ಮಾತು ಅದರಲ್ಲಿತ್ತು. ಅಷ್ಟು ಇಂಗ್ಲಿಷ್ ನನಗೆ ಬರುತ್ತದೆ. ಮಗಳು ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳಲಿಲ್ಲ. ಮಗು ಹೇಳಿದ್ದರಲ್ಲಿ ತಪ್ಪೂ ಇರಲಿಲ್ಲ.

ಮನೆಯಲ್ಲಿ ಕೆಲವು ಉಂಡೆ ಉಳಿದಿದ್ದವು. ಸಂಜೆ ಮೊಮ್ಮಗಳು ಅಡುಗೆಮನೆಗೆ ಬಂದು ನಿಂತಳು.

"ನಂಗೆ ಒಂದು ಕೊಡು. ಫಸ್ಟ್ ಏನೇನು ಹಾಕಿದೀಯ, ಹೇಳು."

ನನ್ನ ಕೈಯಡುಗೆಯನ್ನು ಹೀಗೆ ಕೇಳಿ ತಿಂದವರು ಈವರೆಗೆ ಯಾರೂ ಇಲ್ಲ. ಹೇಳಿದೆ. ರವೆ, ಸಕ್ಕರೆ, ತುಪ್ಪ, ಹಾಲು, ದ್ರಾಕ್ಷಿ, ಗೋಡಂಬಿ. ಅವಳು ಕಾಯುತ್ತಲೇ ಇದ್ದಳು. ಏಲಕ್ಕಿಯನ್ನೂ ಹೇಳಿದ ಮೇಲೆ ಕೈ ಚಾಚಿದಳು.